ಹೇಳಿಕೆಯಲ್ಲಿ ಇಲ್ಲದ ಮಾತು

ಇಪ್ಪತ್ತೆರಡು ಜನರ ಗುಂಪಿನಲ್ಲಿ ಆ ಮುದುಕನೊಬ್ಬ ಮಾತ್ರ ಇಯರ್‌ಫೋನ್ ಬೇಡವೆಂದಿದ್ದ. ಬೆಳಗಿನಿಂದ ಲುತ್ಸಿನಾಳಿಗೆ ಅದೇ ಒಂದು ಕಿರಿಕಿರಿ. ಕೌಂಟರಿನಲ್ಲಿ ಕೂತು ಇಯರ್‌ಫೋನುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಡುವ ರೋಮಾನ್, "ಎರಡು ಸಲ ಕೊಟ್ಟೆ ಕಣಕ್ಕಾ, ಎರಡು ಸಲಾನೂ ವಾಪಸ್ ತಳ್ಳಿದ್ರು. ಯಂತ್ರದೊಳಗಿನ ಮಾತು ಬೇಡ, ಬಾಯಿ ನೋಡ್ಕೊಂಡೇ ಕೇಳ್ತೀನಿ ಅಂದ್ರು. ನೀನು ಇವತ್ತು ಲಿಪ್‌ಸ್ಟಿಕ್ ಬೇರೆ ಹಚ್ಕೊಂಡಿದೀಯ, ಹುಷಾರು," ಎಂದು ಕಣ್ಣು ಮಿಟುಕಿಸಿದ್ದ. ಅವಳು ನಕ್ಕಿರಲಿಲ್ಲ. ಹದಿನೇಳು ವರ್ಷಗಳಿಂದ ಗೈಡ್ ಕೆಲಸ ಮಾಡುತ್ತಿದ್ದ ಅವಳಿಗೆ ಇಯರ್‌ಫೋನ್ ಬಂದ ಮೇಲೆ ಒಂದು ರೀತಿಯ ನೆಮ್ಮದಿ ಸಿಕ್ಕಿತ್ತು. ಕೂಗಬೇಕಿಲ್ಲ. ಕಾಲರಿಗೆ ಸಿಕ್ಕಿಸಿದ ಮೈಕಿಗೆ ಪಿಸುಗುಟ್ಟಿದರೆ ಸಾಕು, ಮಾತು ನೇರವಾಗಿ ಕಿವಿಯೊಳಗೆ ಹೋಗಿ ಕೂರುತ್ತದೆ. ಕೇಳುವವರು ಮರ ನೋಡುತ್ತಾರೆ, ನೆಲ ನೋಡುತ್ತಾರೆ, ಅವಳ ಮುಖ ನೋಡುವುದಿಲ್ಲ. ಈ ಮುದುಕ ಮಾತ್ರ ಮಗಳ ತೋಳು ಹಿಡಿಯದೆ, ಊರುಗೋಲೂ ಇಲ್ಲದೆ, ಗುಂಪಿನ ಮುಂದೆ ಬಂದು ಅವಳ ತುಟಿಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿಗೆ ಲುತ್ಸಿನಾ ಸೇರಿದವಳು. ಎರಡು ಸಲ ವರ್ಷ ತಪ್ಪು ಹೇಳಿ ತಿದ್ದಿಕೊಂಡಳು.

ಯುದ್ಧಕಾಲದಲ್ಲಿ ಯಹೂದಿಗಳನ್ನು ಕೊಂದ ಬೇರೆ ಶಿಬಿರಗಳಲ್ಲಿ ತೋರಿಸಲಿಕ್ಕೆ ಏನಾದರೂ ಇರುತ್ತದೆ. ಇಟ್ಟಿಗೆಯ ಕಟ್ಟಡ, ಮುಳ್ಳುತಂತಿ, ಗಾಜಿನ ಹಿಂದೆ ಬೂಟುಗಳ ರಾಶಿ. ಇಲ್ಲಿ ಏನೂ ಇಲ್ಲ. ಜರ್ಮನರು ಹೋಗುವ ಮುಂಚೆ ಎಲ್ಲವನ್ನೂ ಕೆಡವಿ, ನೆಲ ಉತ್ತು, ಮೇಲೆ ಪೈನ್ ಸಸಿ ನೆಟ್ಟು ಹೋಗಿದ್ದರು. ಸಸಿಗಳು ಈಗ ಮರಗಳಾಗಿವೆ. ಬಂದವರು ಮೊದಲ ಹತ್ತು ನಿಮಿಷ ಕ್ಯಾಮೆರಾ ಎತ್ತ ತಿರುಗಿಸುವುದೆಂದು ತಿಳಿಯದೆ ಕಾಡನ್ನೇ ನೋಡುತ್ತಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ "ಇಷ್ಟೇನಾ?" ಎನ್ನುವುದು ಮುಖದ ಮೇಲೆ ಬಂದು ಕೂತಿರುತ್ತದೆ, ಬಂದದ್ದಕ್ಕೆ ಅವರಿಗೇ ನಾಚಿಕೆಯೂ ಆಗುತ್ತದೆ. ಆ 'ಇಷ್ಟೇನಾ'ವನ್ನು ಅಳಿಸುವುದೇ ಲುತ್ಸಿನಾಳ ಕೆಲಸ. ಇರುವುದೆಲ್ಲ ಅವಳ ಬಾಯಿಯಲ್ಲೇ ಇರಬೇಕು. ಅವಳು ಅದರಲ್ಲಿ ಪಳಗಿದ್ದಳು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಯಾವ ಹೆಸರನ್ನು ಹೇಳಿ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಗೊತ್ತಿತ್ತು. ಹಾಗೆ ಗೊತ್ತಿರುವುದು ತಪ್ಪೋ ಏನೋ ಎಂದು ಮೊದಲೆರಡು ವರ್ಷ ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸಿದ್ದಳು. ಆಮೇಲೆ ಬಸ್ಸಿನಲ್ಲಿ ನಿದ್ದೆ ಬರತೊಡಗಿತು.

ಹಳಿ ಕೊನೆಯಾಗುವ ಜಾಗಕ್ಕೆ ಬಂದಾಗ ಹನ್ನೊಂದೂವರೆ. ಅಕ್ಟೋಬರಿನ ಬಿಸಿಲು ತೆಳ್ಳಗೆ ಬಿದ್ದಿತ್ತು. ಅವಳು ಎಂದಿನಂತೆ ಹಳಿಯ ಎಡಗಡೆ ನಿಂತು ಗೀತ್ಲಾಳ ಕಥೆ ಶುರುಮಾಡಿದಳು. ಊರಿನ ಬೇಕರಿಯವನ ಮಗಳು ಗೀತ್ಲಾ. ಹದಿನೇಳು ವರ್ಷ. ನಲವತ್ತೆರಡರ ಅಕ್ಟೋಬರಿನಲ್ಲಿ ಊರಿನ ಯಹೂದಿಗಳನ್ನೆಲ್ಲ ಇದೇ ಹಳಿಯ ಪಕ್ಕದಲ್ಲಿ ಆರು ಕಿಲೋಮೀಟರು ನಡೆಸಿಕೊಂಡು ಬಂದರು. ಯುದ್ಧ ಮುಗಿದ ಮೇಲೆ ಹೇಳಿಕೆ ಕೊಟ್ಟ, ಹಳಿ ಬದಲಿಸುವ ಕೆಲಸಗಾರನೊಬ್ಬ ಇಲ್ಲಿ ತನ್ನ ಗುಡಿಸಲ ಬಾಗಿಲಲ್ಲಿ ನಿಂತಿದ್ದ. ಅವನು ದಿನಾ ಅವಳ ಕೈಯಿಂದಲೇ ಬ್ರೆಡ್ ಕೊಳ್ಳುತ್ತಿದ್ದವನು, ಗುರುತು ಹಿಡಿದ. ಅವಳ ಒಂದು ಕಾಲಿನಲ್ಲಿ ಮಾತ್ರ ಬೂಟಿತ್ತು. ಇಲ್ಲಿ ಲುತ್ಸಿನಾ ಉಸಿರು ಎಳೆದುಕೊಂಡಳು. ಗೀತ್ಲಾ ಅವನ ಹತ್ತಿರ ಹಾದುಹೋಗುವಾಗ ಮೆಲ್ಲಗೆ ಹೇಳಿದಳು: "ನನ್ನ ತಮ್ಮ ತಪ್ಪಿಸ್ಕೊಂಡ. ಸದ್ಯ." ಅಷ್ಟು ಹೇಳಿ ಮರಗಳ ಕಡೆ ನಡೆದುಹೋದಳು. ಈ ಜಾಗದಲ್ಲಿ ಹೆಂಗಸರು ಕರ್ಚೀಫು ತೆಗೆಯುತ್ತಾರೆ. ಇವತ್ತೂ ತೆಗೆದರು. ಲುತ್ಸಿನಾ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ಮುಂದಿನ ಜಾಗಕ್ಕೆ ಹೊರಡಬೇಕೆನ್ನುವಾಗ ಮುದುಕ ನೆಲದ ಮೇಲೆ ಕುಸಿದು ಕೂತಿದ್ದ.

ಎದೆನೋವೇ ಇರಬೇಕೆಂದು ಎಲ್ಲರೂ ಗಾಬರಿಬಿದ್ದರು. ಯಾರೋ ನೀರು ಕೊಟ್ಟರು. ಅವನು ನೀರು ಕುಡಿಯಲಿಲ್ಲ. ಲುತ್ಸಿನಾ ಮಂಡಿಯೂರಿ ಕೂತಾಗ ಅವಳ ತೋಳನ್ನು ಹಿಡಿದು, ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಕೇಳುತ್ತಿದ್ದವನು, ಅಮ್ಮಾವ್ರೇ ಎನ್ನುವ ಅರ್ಥದ 'ಪಾನಿ' ಎಂದು ಕರೆದು ಪೋಲಿಷ್‌ನಲ್ಲಿ ಹೇಳಿದ, "ಪಾನಿ, ಅದು ನಾನು. ಆ ತಮ್ಮ ನಾನು." ಮೊದಲು ಅವಳಿಗೆ ಕೇಳಿಸಿದ್ದು ಆ ಭಾಷೆ. ಎಂಬತ್ತು ದಾಟಿದ ಬಾಯಿಯಲ್ಲಿ ಹನ್ನೆರಡು ವರ್ಷದ ಹುಡುಗನ ಪೋಲಿಷ್; ಅಷ್ಟಕ್ಕೇ ನಿಂತುಹೋದ, ಬೆಳೆಯದೆ ಉಳಿದ ಮಾತು. ಅರ್ಥ ಆಮೇಲೆ ಬಂತು. ಅವನು ನಗುತ್ತಿದ್ದ, ಅಳುತ್ತಿದ್ದ. "ಹಾಗಂದ್ಲಾ? ಸದ್ಯ ಅಂದ್ಲಾ? ಇನ್ನೊಂದ್ಸಲ ಹೇಳಿ." ಲುತ್ಸಿನಾ ಇನ್ನೊಂದು ಸಲ ಹೇಳಿದಳು. ಬಾಯಿ ಅದರ ಪಾಡಿಗೆ ಹೇಳಿತು, ಉಸಿರು ಎಳೆದುಕೊಳ್ಳುವಲ್ಲಿ ಎಳೆದುಕೊಂಡೇ.

ಉಳಿದ ಅರ್ಧ ಗಂಟೆ ಅವಳು ಏನು ವಿವರಿಸಿದಳೋ ಅವಳಿಗೇ ನೆನಪಿಲ್ಲ. ಸ್ಮಾರಕದ ಕಲ್ಲುಗಳ ನಡುವೆ ನಡೆಯುವಾಗ ಮುದುಕನ ಮಗಳು ಓರ್ನಾ ಪಕ್ಕಕ್ಕೆ ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹೈಫಾದಲ್ಲಿ ನರ್ಸು, ಅತ್ತು ಮೂಗು ಕೆಂಪಾಗಿತ್ತು. "ನಿಮಗೊಂದು ಹೇಳ್ಬೇಕು," ಎಂದಳು. "ನಮ್ಮಪ್ಪ ನಾನು ಚಿಕ್ಕವಳಿದ್ದಾಗ ಒಂದು ದಿನಾನೂ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸಿದವರಲ್ಲ. ಕೋಟಿನ ಕಾಲರ್ ಹಿಡ್ಕೊಂಡು ದಾಟಿಸ್ತಿದ್ರು, ನಾಯಿಮರಿ ಎಳ್ಕೊಂಡು ಹೋದ ಹಾಗೆ. ಕ್ಲಾಸಿನ ಹುಡುಗಿಯರೆಲ್ಲ ನಗೋರು. ಈಗ ನೋಡಿ, ಅಲ್ಲಿಂದ ಇಲ್ಲೀತನಕ ನನ್ನ ಕೈ ಹಿಡ್ಕೊಂಡೇ ಬಂದ್ರು. ಬೆವರು ನೋಡಿ," ಎಂದು ಒದ್ದೆಯಾದ ಅಂಗೈ ಚಾಚಿ ತೋರಿಸಿದಳು. ಲುತ್ಸಿನಾಳಿಗೆ ಆ ಅಂಗೈಯನ್ನು ನೋಡಲಾಗಲಿಲ್ಲ. "ಒಳ್ಳೇದು," ಎಂದಳು. ಒಳ್ಳೆಯದೇ ಅಲ್ಲವೇ ಎಂದು ತನಗೇ ಕೇಳಿಕೊಂಡಳು.

ಊಟದ ಹೊತ್ತಿಗೆ ಸಿಬ್ಬಂದಿಯ ಕೋಣೆಯಲ್ಲಿ ನಿಂಬೆ ಹಾಕಿದ ಚಹಾ ಮುಂದಿಟ್ಟುಕೊಂಡು ಕೂತಿದ್ದಾಗ ಮೇಲಧಿಕಾರಿ ಬೊಜೆನಾ ಬಾಗಿಲಲ್ಲೇ ಕುಣಿಯುವಂತೆ ಬಂದಳು. "ಲುತ್ಸಿನಾ! ಬೇಕರಿಯವನ ಮಗನಂತೆ! ಬದುಕಿ ಉಳಿದವನು! ನಿನ್ನ ಅದೃಷ್ಟ ನೋಡು, ನಿನ್ನ ಗುಂಪಿಗೇ ಸಿಕ್ಕಿದಾನೆ. ಮಗಳು ಆ ರೈಲ್ವೆಯವನ ಹೇಳಿಕೆಯ ಕಾಪಿ ಕೇಳಿ ಅರ್ಜಿ ಕೊಟ್ಲು. ದಾಖಲೆ ಕೋಣೆಯಿಂದ ಅರ್ಧ ಗಂಟೇಲಿ ಬರುತ್ತೆ, ಇಂಗ್ಲಿಷಿಗೂ ಮಾಡಿಕೊಡ್ತೀವಿ ಅಂದೆ." ಲುತ್ಸಿನಾ ಕಪ್ಪನ್ನು ಕೆಳಗಿಟ್ಟಳು. "ನೀನು ಹೇಳೋದು ಅದರಲ್ಲಿ ಇದೆ ತಾನೇ?" ಎಂದು ಬೊಜೆನಾ ಸುಮ್ಮನೆ, ಉಪ್ಪು ಇದೆಯಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು. "ಇದೆ," ಎಂದಳು ಲುತ್ಸಿನಾ. ಹೊಸದಾಗಿ ಸೇರುವ ಗೈಡುಗಳಿಗೆಲ್ಲ ಬೊಜೆನಾ ಮೊದಲ ದಿನ ಹೇಳುವ ಮಾತೊಂದಿತ್ತು: "ಇಲ್ಲಿ ಏನೂ ನಡೆದೇ ಇಲ್ಲ ಅನ್ನೋ ನಾಲಾಯಕ್ಕುಗಳು ಹೊರಗೆ ಕಾಯ್ತಾ ಇದಾರೆ. ನಮ್ಮ ಬಾಯಿಂದ ಒಂದೇ ಒಂದು ಸುಳ್ಳು ಬಿದ್ರೆ ಅದರ ಮೇಲೆ ಮನೆ ಕಟ್ತಾರೆ." ಲುತ್ಸಿನಾ ಕೂಡ ಹೊಸಬರಿಗೆ ಅದನ್ನೇ ಹೇಳಿಕೊಡುತ್ತಿದ್ದಳು, ಬೊಜೆನಾಳಿಗಿಂತ ಚೆನ್ನಾಗಿ.

ಅದು ಒಂದೇ ದಿನ ಹುಟ್ಟಿದ ಸುಳ್ಳಾಗಿರಲಿಲ್ಲ. ಮೂರನೆಯ ವರ್ಷವೋ ಏನೋ, ಶಾಲೆಯ ಮಕ್ಕಳ ಗುಂಪಿನಲ್ಲಿ ಒಬ್ಬಳು ತಲೆಸುತ್ತಿ ಬಿದ್ದಾಗ ಅವರ ಟೀಚರು ಬೇಡಿಕೊಂಡಿದ್ದಳು, "ಪಾನಿ, ಬರೀ ಕತ್ತಲೆ ಆದ್ರೆ ಹೇಗೆ, ಸಣ್ಣ ಮಕ್ಕಳು, ಒಂಚೂರು ಏನಾದ್ರೂ ಇಲ್ವಾ?" ಯುದ್ಧದ ನಂತರ ಉಳಿದವರ ಪಟ್ಟಿಯಲ್ಲಿ ಬೇಕರಿಯವನ ಕೊನೆಯ ಮಗನ ಹೆಸರಿದೆಯೆಂದು ಲುತ್ಸಿನಾಳಿಗೆ ಗೊತ್ತಿತ್ತು. ಹಾಗಾಗಿ ಮೊದಲು, "ತಮ್ಮ ತಪ್ಪಿಸಿಕೊಂಡದ್ದು ಬಹುಶಃ ಅವಳಿಗೆ ಸಮಾಧಾನ ತಂದಿರಬಹುದು" ಎಂದಳು. ಮಕ್ಕಳ ಮುಖ ಅರಳಿತು. ಮುಂದಿನ ವರ್ಷ 'ಬಹುಶಃ' ಬಿದ್ದುಹೋಯಿತು. ಅದರ ಮುಂದಿನ ವರ್ಷ ಕಥೆಯೊಳಗೆ ಗೀತ್ಲಾ ಆ ಮಾತನ್ನು ತನ್ನಷ್ಟಕ್ಕೆ ಹೇಳಿಕೊಂಡಳು. ಕೊನೆಗೊಂದು ದಿನ ಅವಳು ಆ ಕೆಲಸಗಾರನ ಹತ್ತಿರ ಬಂದು ಅವನಿಗೇ ಹೇಳಿದಳು. ಆ ದಿನದಿಂದ ಕಥೆ ಸರಿಯಾಗಿ ಕೂತಿತು, ಇನ್ನೇನೂ ಸೇರಿಸಬೇಕು ಅನ್ನಿಸಲಿಲ್ಲ. ಮಕ್ಕಳಿಗಾಗಿ ಎಂದು ಅವಳು ಹದಿನಾಲ್ಕು ವರ್ಷ ನಂಬಿದ್ದಳು. ಚಹಾ ತಣ್ಣಗಾಗುತ್ತಿರುವಾಗ, ಆ ಹಳೆಯ ಟೈಪ್ ಮಾಡಿದ ಹಾಳೆ ಈಗ ಕಾಪಿ ತೆಗೆಯುವ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿರುತ್ತದೆ ಎಂದು ನೆನೆಯುವಾಗ, ಹಾಗಲ್ಲವೆಂದು ಅವಳಿಗೆ ತಿಳಿಯಿತು. ತಿಳಿಯಿತು ಅನ್ನುವುದೂ ಸುಳ್ಳು. ಗೊತ್ತೇ ಇತ್ತು, ಅದರ ಕಡೆ ಬೆನ್ನು ತಿರುಗಿಸಿ ಕೂತಿದ್ದಳು.

ಹಳಿ ಬದಲಿಸುವ ಆ ಕೆಲಸಗಾರ ಅವಳ ತಾಯಿಯ ತಂದೆ, ವಾಲೆಂತಿ ಸೊಬೊನ್. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ. ಅವಳ ಮನೆತನದ ಹೆಸರು ಬೇರೆ, ಅವಳು ಹೇಳಿಕೊಂಡವಳೂ ಅಲ್ಲ. ನಲವತ್ತೈದರಲ್ಲಿ ವಿಚಾರಣೆಯವರು ಬಂದು ರೈಲ್ವೆಯವರನ್ನೆಲ್ಲ ಕೂರಿಸಿ ಬರೆಸಿಕೊಂಡ ಹೇಳಿಕೆಗಳ ಕಟ್ಟಿನಲ್ಲಿ ಅಜ್ಜನ ಸಹಿ ಕಂಡ ದಿನ ಅವಳು ದಾಖಲೆ ಕೋಣೆಯ ಕುರ್ಚಿಯಿಂದ ಏಳಲು ಬಹಳ ಹೊತ್ತು ತೆಗೆದುಕೊಂಡಿದ್ದಳು. ಗೀತ್ಲಾಳ ಬಗ್ಗೆ ಅದರಲ್ಲಿ ಇದ್ದದ್ದು ನಾಲ್ಕು ವಾಕ್ಯ. ಮೊದಲ ಎರಡನ್ನು ಅವಳು ಎಲ್ಲರಿಗೂ ಹೇಳಿದ್ದಳು. ಕೊನೆಯ ಎರಡನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜ ಮಾತಿನವನಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಊರೆಲ್ಲ ಅವನನ್ನು ಹೊಗಳುತ್ತಿತ್ತು. ಸತ್ತಾಗ ಪಾದ್ರಿ ಕೂಡ ಅದನ್ನೇ ಹೇಳಿದ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೇಬು ಸುಲಿಯುತ್ತಿದ್ದ, ಸಿಪ್ಪೆ ತುಂಡಾಗದ ಹಾಗೆ ಉದ್ದಕ್ಕೆ, ಒಂದು ಮಾತೂ ಇಲ್ಲದೆ. ಆ ಮೌನವನ್ನು ಅವಳು ಪ್ರೀತಿಯೆಂದೇ ತಿಳಿದು ಬೆಳೆದಿದ್ದಳು, ಅದು ಪ್ರೀತಿಯೂ ಆಗಿತ್ತು. ಆದರೆ ಹಾಳೆಯ ಮೇಲೆ ಅದು ಬೇರೆ ಏನೋ ಆಗಿತ್ತು. ಅದಕ್ಕೇ ಅಲ್ಲವೇ, ಸಾಯಲು ಹೋಗುವ ಹುಡುಗಿಯ ಬಾಯಲ್ಲಿ ಮಾತು ತುಂಬಿ ಅಜ್ಜನ ಹತ್ತಿರ ಕರೆತಂದದ್ದು? ಕೊನೆಯ ಮಾತನ್ನು ಹೇಳಿಹೋಗಲು ತಕ್ಕ ಮನುಷ್ಯ ಅವನು ಎಂದು ಜಗತ್ತಿಗೆಲ್ಲ ಸಾರಲಿಕ್ಕೆ. ಸತ್ತವಳ ಕೈಯಿಂದ ತನ್ನ ಅಜ್ಜನಿಗೆ ಸರ್ಟಿಫಿಕೇಟ್ ಬರೆಸಿಕೊಂಡಿದ್ದಳು.

ಮುದುಕ ಟಿಕೆಟ್ ಮನೆಯ ಹಿಂದಿನ ಬೆಂಚಿನ ಮೇಲೆ ಒಬ್ಬನೇ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ. ಮಗಳು ಎಲ್ಲಿ ಎಂದು ಕೇಳಿದಾಗ ಕಚೇರಿಯ ಕಡೆ ಗಲ್ಲ ಎತ್ತಿ ತೋರಿಸಿದ. ಕಾಪಿ ಬರಲು ಇನ್ನು ಹತ್ತು ನಿಮಿಷ ಇರಬಹುದು. ತಾನು ಬಂದದ್ದು ಪಶ್ಚಾತ್ತಾಪದಿಂದಲೋ ಸಿಕ್ಕಿಬೀಳುವ ಭಯದಿಂದಲೋ ಎಂದು ಲುತ್ಸಿನಾಳಿಗೆ ಬೇರ್ಪಡಿಸಿ ನೋಡಲಾಗಲಿಲ್ಲ. ಎರಡೂ ಒಂದೇ ಕಡೆಯಿಂದ ತಳ್ಳುತ್ತಿದ್ದವು.

"ಪಾನ್ ನಾಫ್ತಾಲಿ, ನಿಮ್ಮ ಹತ್ರ ಒಂದು ವಿಷಯ..." ಎಂದಳು, ಗುಂಪಿನ ಪಟ್ಟಿಯಲ್ಲಿದ್ದ ಹೆಸರಿಗೆ ಗಂಡಸರನ್ನು ಕರೆಯುವ 'ಪಾನ್' ಸೇರಿಸಿ.

"ತುಲ್ಯೆಕ್ ಅನ್ನಿ. ಈ ಭಾಷೇಲಿ ನನ್ನನ್ನ ಬೇರೆ ಹೆಸರಲ್ಲಿ ಯಾರೂ ಕರೆದಿಲ್ಲ. ಕೂತ್ಕೊಳ್ಳಿ. ಮೊಟ್ಟೆ ತಿಂತೀರಾ? ನನ್ನ ಮಗಳು ಆಸ್ಪತ್ರೆ ರೋಗಿಗೆ ಕೊಟ್ಟ ಹಾಗೆ ದಿನಾ ಕೊಡ್ತಾಳೆ." ಅವಳು ಬೇಡವೆಂದಳು. ಅವನು ಸಿಪ್ಪೆಯನ್ನು ಕಾಗದದ ಮೇಲೆ ಒಟ್ಟು ಮಾಡಿದ. "ಪಾನಿ, ನಾನೊಂದು ಹೇಳ್ತೀನಿ, ಮಗಳಿಗೂ ಹೇಳಿಲ್ಲ. ಗಿರಣಿ ಹತ್ರ ದಾರಿ ತಿರುಗತ್ತಲ್ಲ, ಅಲ್ಲಿ ನಾನು ಓಡ್ದೆ. ಎಲ್ಲರೂ ತಿಳ್ಕೊಂಡಿರೋದು ಅಕ್ಕ ನನ್ನನ್ನ ತಳ್ಳಿ ಓಡಿಸಿದ್ಲು ಅಂತ. ಹಾಗಲ್ಲ. ಅವಳು ಬಿಗಿಯಾಗಿ ಕೈ ಹಿಡ್ಕೊಂಡಿದ್ಲು, ಬಿಡ್ಲೇ ಇಲ್ಲ. ನಾನು ಕಚ್ಚಿದೆ. ಇಲ್ಲಿ." ಹೆಬ್ಬೆರಳಿನ ಬುಡ ತೋರಿಸಿದ. "ಕಚ್ಚಿ ಓಡ್ದೆ. ಎಪ್ಪತ್ತು ವರ್ಷ ಆಯ್ತು. ಅವಳು ನನ್ನನ್ನ ಹುಡುಕ್ತಾ ಹೋದ್ಲೇನೋ, ಬಯ್ಕೊಂಡು ಹೋದ್ಲೇನೋ ಅಂತ... ಸದ್ಯ ಅಂದ್ಲಂತೆ. ನೋಡಿ."

ಈಗ ಎದ್ದು ಹೋಗಿಬಿಡಬಹುದಿತ್ತು. ದಾಖಲೆ ಕೋಣೆಗೆ ಓಡಿ ಕಾಪಿ ತಡೆಯಬಹುದಿತ್ತು, ಹಾಳೆ ಸಿಗಲಿಲ್ಲ ಎನ್ನಿಸಬಹುದಿತ್ತು. ಇವೆಲ್ಲ ಅವಳ ತಲೆಯಲ್ಲಿ ಒಂದರ ಹಿಂದೊಂದು ಬಂದು ನಿಂತವು, ಎಷ್ಟು ಸಲೀಸಾಗಿ ಬಂದವೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆ ಮಾತು ಹೇಳಿಕೆಯಲ್ಲಿ ಇಲ್ಲ," ಎಂದಳು. "ನಾನು ಸೇರಿಸಿದ್ದು."

ಮುದುಕ ಮೊಟ್ಟೆಯನ್ನು ಸಿಪ್ಪೆಯ ಪಕ್ಕದಲ್ಲಿಟ್ಟ. "ಯಾವ ಮಾತು?"

"ತಮ್ಮ ತಪ್ಪಿಸ್ಕೊಂಡ, ಸದ್ಯ ಅನ್ನೋದು."

"ಮತ್ತೆ ಏನಂದ್ಲು?"

"ಏನೂ ಅನ್ಲಿಲ್ಲ."

ಅವನು, "ಏನು ಬರೆದಿದೆಯೋ ಅದನ್ನ ಹೇಳಿ. ಇದ್ದ ಹಾಗೇ," ಎಂದ.

ಅವಳಿಗೆ ಬಾಯಿಪಾಠವಾಗಿತ್ತು. "ಬೇಕರಿಯವನ ಮಗಳು ಗೀತ್ಲಾಳನ್ನು ಗುರುತಿಸಿದೆ. ಅವಳ ಒಂದು ಕಾಲಿನಲ್ಲಿ ಮಾತ್ರ ಬೂಟಿತ್ತು. ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು. ನಾನು ಮಾತಾಡಿಸಲಿಲ್ಲ." ಹೇಳುವಾಗ ದನಿ ಎಂದಿನ ಹಾಗೆ ತಗ್ಗಿ, ಹದವಾಗಿ, ಕೇಳುವವರ ಎದೆಗೆ ತಾಕುವಂತೆ ಹೊರಟಿತು. ಬೇಕಂತಲೇ ಒರಟಾಗಿ ಹೇಳಲು ಅವಳಿಗೆ ಬರಲಿಲ್ಲ.

"ತಿರುಗಿ ತಿರುಗಿ," ಎಂದ ಮುದುಕ. ತಲೆಯಾಡಿಸಿದ. "ಹೂಂ. ಹಾಗೇ ಇರ್ಬೇಕು. ನಂಗೆ ಗೊತ್ತಿತ್ತು." ಆಮೇಲೆ, "ಯಾಕೆ ಹೇಳಿದ್ರಿ?" ಎಂದು ಕೇಳಿದ.

"ನಿಮಗೆ ಸುಳ್ಳು ಹೇಳಿ ಹಾಗೇ ಕಳಿಸೋಕೆ..."

"ಅದಲ್ಲ. ಕಾಗದ ಬರ್ತಿದೆ ಅನ್ನೋ ಕಾರಣಕ್ಕೆ ಹೇಳಿದ್ರಿ. ಕಾಗದ ಬರ್ದೇ ಇದ್ದಿದ್ರೆ ಹೇಳ್ತಿದ್ರಾ?"

ಅವಳು ಕಚೇರಿಯ ಬಾಗಿಲ ಕಡೆ ನೋಡಿದಳು.

"ಸಹಿ ಯಾರದ್ದು?"

"ನಮ್ಮಜ್ಜಂದು. ವಾಲೆಂತಿ ಸೊಬೊನ್."

ಮುದುಕ ಬೆಳಗಿನಿಂದ ಮೊದಲ ಸಲ ಅವಳ ತುಟಿಗಳನ್ನು ಬಿಟ್ಟು ಕಣ್ಣುಗಳನ್ನು ನೋಡಿದ. ಯಾರ ಹೋಲಿಕೆಯನ್ನೋ ಹುಡುಕಿದ ಹಾಗಿತ್ತು. "ಪಾನ್ ವಾಲೆಂತಿ," ಎಂದ. "ದಿನಾ ಎರಡು ಬ್ರೆಡ್ ತಗೊಳ್ತಿದ್ರು. ನನ್ನ ಕಿವಿ ಹಿಂಡ್ತಿದ್ರು, ತಮಾಷೆಗೆ. ಅಕ್ಕ ನಗ್ತಿದ್ಲು." ಮತ್ತೆ ಹುಡುಗನ ಪೋಲಿಷ್‌ನಲ್ಲಿ, ಯಾರನ್ನೂ ಬಯ್ಯದೆ, "ಮಾತಾಡಿಸಬಹುದಿತ್ತು," ಎಂದ. "ಹೆಸರು ಹಿಡಿದು ಕರೆದಿದ್ರೂ ಸಾಕಿತ್ತು."

ಲುತ್ಸಿನಾ ಅಳಲಿಲ್ಲ. ಅಳುವುದು ಕೂಡ ಅವನಿಂದ ಏನನ್ನೋ ಕೇಳಿದ ಹಾಗಾಗುತ್ತದೆ ಎನ್ನಿಸಿತು. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಚಿಕ್ಕಂದಿನಿಂದ ಚರ್ಚಿನಲ್ಲಿ ಕಲಿಸಿದ್ದರು. ಹಗುರಾಗಿದ್ದು ನಿಜ, ಅದೇ ನಾಚಿಕೆ. ಅವಳ ಭಾರ ಇಳಿದು ಆ ಬಾಗಿದ ಭುಜದ ಮೇಲೆ ಕೂತಿತ್ತು. ಬೆಳಗ್ಗೆ ಹನ್ನೊಂದೂವರೆಗೆ ಕೊಟ್ಟಿದ್ದನ್ನು ಒಂದೂವರೆಗೆ ಕಿತ್ತುಕೊಂಡಿದ್ದಳು. ಎರಡು ಗಂಟೆಯ ಕಾಲ ಅವನಿಗೆ ಒಬ್ಬ ಅಕ್ಕ ಇದ್ದಳು.

ಕಚೇರಿಯ ಕಡೆಯಿಂದ ಓರ್ನಾ ಬರುವುದು ಕಂಡಿತು. ದೂರದಿಂದಲೇ ಕೈ ಬೀಸಿದಳು. "ಅಪ್ಪಾ, ಕಾಪಿ ಸಿದ್ಧ ಆಯ್ತಂತೆ, ನೀವು ಬಂದು ಒಂದು ಸಹಿ ಹಾಕ್ಬೇಕಂತೆ," ಎಂದು ಇಂಗ್ಲಿಷಿನಲ್ಲಿ, ಲುತ್ಸಿನಾಳಿಗೂ ತಿಳಿಯಲೆಂದು ಹೇಳಿದಳು. ಮುದುಕ ಮಗಳ ಕಡೆ ತಿರುಗಿ ಹೀಬ್ರೂನಲ್ಲಿ ಏನೋ ಹೇಳತೊಡಗಿದ. ಲುತ್ಸಿನಾ ಕಾದಳು. ಈಗ ಓರ್ನಾಳ ಮುಖ ಬದಲಾಗುತ್ತದೆ, ಈಗ ಕೂಗುತ್ತಾಳೆ, ಬೊಜೆನಾ ಓಡಿಬರುತ್ತಾಳೆ, ಕೆಲಸ ಹೋಗುತ್ತದೆ, ಹೋಗಲಿ. ಓರ್ನಾಳ ಕಣ್ಣು ತುಂಬಿತು. ಆದರೆ ಅವಳು ನಗುತ್ತಿದ್ದಳು. "ಕಾಗದ ಬೇಡವಂತೆ," ಎಂದಳು. "ಅಕ್ಕ ಹೇಳಿದ ಮಾತನ್ನ ನಿಮ್ಮ ಬಾಯಲ್ಲಿ ಕೇಳಿದ್ದೇ ಸಾಕಂತೆ. ಕಚೇರಿ ಹಾಳೆ ಓದಿ ಅದನ್ನ ಒಣಗಿಸಿಕೊಳ್ಳಲ್ಲ ಅಂತಾರೆ. ನೀನೂ ಓದಬೇಡ ಅಂತ ನನ್ನಿಂದ ಮಾತು ತಗೊಂಡ್ರು. ಎಂಥಾ ಹಟ ನೋಡಿ. ಹೋಗಲಿ ಬಿಡಿ, ನನ್ನ ಮಕ್ಕಳಿಗೆ ನಾನೇ ಬಾಯಲ್ಲೇ ಹೇಳ್ತೀನಿ."

ಮುದುಕ ಎದ್ದುನಿಂತ. ಮಗಳು ನೋಡುತ್ತಿದ್ದಳು, ಹಾಗಾಗಿ ಮುಖದಲ್ಲಿ ನಗುವನ್ನು ಇಟ್ಟುಕೊಂಡೇ, ಲುತ್ಸಿನಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಪೋಲಿಷ್‌ನಲ್ಲಿ ಮೃದುವಾಗಿ ಹೇಳಿದ:

"ಆ ಮಾತು ಇನ್ಮೇಲೆ ನಂದು. ಇವಳಿಗೋಸ್ಕರ ಇಟ್ಕೋತೀನಿ. ನೀವು ಇನ್ನೊಬ್ಬರಿಗೆ ಹೇಳ್ಕೂಡ್ದು. ಮಧ್ಯಾಹ್ನದ ಗುಂಪಿಗೆ ನಿಮ್ಮಜ್ಜ ಬರೆಸಿದ್ದನ್ನ ಹೇಳಿ. ನಾಲ್ಕೂ ವಾಕ್ಯ. ಅವರು ನಿಮಗೇನಾಗ್ಬೇಕು ಅನ್ನೋದನ್ನೂ ಹೇಳಿ. ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ ಪಾನಿ. ನಾನು ಅದಕ್ಕೆ ಯಾರೂ ಅಲ್ಲ."

ಕೈ ಬಿಟ್ಟು, ಬಸ್ಸು ನಿಂತಿದ್ದ ಕಡೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಹೊರಟ.

ಓರ್ನಾ ಅವನ ಹಿಂದೆ ಎರಡು ಹೆಜ್ಜೆ ಇಟ್ಟವಳು ನಿಂತಳು, ತಿರುಗಿ ಬಂದಳು. ಅಪ್ಪನ ಭಾಷೆಯ ಒಂದಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಆತ ಅದನ್ನು ಆಡಿದವನೇ ಅಲ್ಲ. "ಅಷ್ಟು ಹೊತ್ತು ಕೈ ಹಿಡ್ಕೊಂಡು ಏನಂದ್ರು ಅಪ್ಪ?" ಎಂದು ಆಸೆಯಿಂದ ಕೇಳಿದಳು.

ಲುತ್ಸಿನಾ ಮುದುಕನ ಬೆನ್ನನ್ನು ನೋಡಿದಳು. ಅವನು ತಿರುಗಿ ನೋಡಲಿಲ್ಲ.

"ಥ್ಯಾಂಕ್ಸ್ ಹೇಳಿದ್ರು," ಎಂದಳು.

ಓರ್ನಾ ಅವಳನ್ನು ಬಾಚಿ ತಬ್ಬಿಕೊಂಡಳು, ಗಟ್ಟಿಯಾಗಿ, ಕೆನ್ನೆಗೆ ಕೆನ್ನೆ ಒತ್ತಿ, ಬಹಳ ಹೊತ್ತು. ಬಿಡಿಸಿಕೊಳ್ಳುವ ಹಕ್ಕು ತನಗಿಲ್ಲವೆಂದು ಲುತ್ಸಿನಾ ಹಾಗೇ ನಿಂತಿದ್ದಳು.